ಈಚಲ ನೆರಳಿನಿಂದ ಅಂಗಡಿಯ ಕಟ್ಟೆಗೆ

ಕಳೆದ ವರ್ಷ ನವರಾತ್ರಿಯ ಸುಮಾರಿಗೆ, ಜರ್ಮನಿಯಲ್ಲಿರುವ ನಮ್ಮ ಮಗ ಒಂದು ಭಾನುವಾರ ರಾತ್ರಿ ಫೋನು ಮಾಡಿದ. ಅವನೂ ಸೊಸೆಯೂ ಆ ದಿನ ಹಳ್ಳಿಗಾಡು ಸುತ್ತಿ ಬಂದಿದ್ದರಂತೆ. ಬಾಂಬರ್ಗ್ ಪಟ್ಟಣದ ಆಸುಪಾಸಿನ ಫ್ರಾಂಕೋನಿಯ ಸೀಮೆಯಲ್ಲಿ ಹಳ್ಳಿಹಳ್ಳಿಗೂ ಅದರದೇ ಬಿಯರು. ಆಫ್‌ಸೆಸ್ ಎಂಬ ಊರಿನಲ್ಲಿ ಜನ ಸಾವಿರದೈನೂರರ ಆಸುಪಾಸು. ಬಿಯರು ಮಾಡುವ ಮನೆಗಳು ನಾಲ್ಕು! ಒಂದರಿಂದ ಇನ್ನೊಂದಕ್ಕೆ ಹೊಲದ ನಡುವೆ ಕಾಲುದಾರಿ. ಗಂಡ ಹೆಂಡಿರು ನಡೆದು ಹೋಗುವುದು, ಮರದ ಕೆಳಗಿನ ಬೆಂಚಿನಲ್ಲಿ ಕೂಡುವುದು, ಊರಿನ ಬಿಯರು, ಊರಿನ ರೊಟ್ಟಿ, ಊರಿನ ಚೀಸು. ಬಿಸಿಲಿಳಿದ ಮೇಲೆ ಬಸ್ಸು ಹಿಡಿದು ಮನೆಗೆ. "ಪಕ್ಕದ ಬೆಂಚಿನಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಕೂತಿದ್ದರು ಕಣಪ್ಪಾ" ಎಂದ.

ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ. ಮಗ ತಂದೆಯ ಮುಂದೆ ಇಷ್ಟು ಸಲೀಸಾಗಿ ಈ ಮಾತು ಹೇಳಿದನಲ್ಲ ಎಂದು ನನಗೆ ಕೊಂಚ ಇರುಸುಮುರುಸಾದದ್ದು ನಿಜ. ನಮ್ಮಾಕೆಗೆ ಹಾಗಾಗಲಿಲ್ಲ. ಫೋನು ಇಟ್ಟ ಮೇಲೆ ಸುಮ್ಮನೆ ಕೂತಿದ್ದವಳು, "ಅಲ್ಲರೀ, ನಮ್ಮ ಕಡೆ ಇಂಥದ್ದೇನೂ ಇರಲಿಲ್ಲವೆ? ಗಂಡ ಹೆಂಡತಿ ಒಂದು ದಿನ ಊರಾಚೆ ಹೋಗಿ, ಆ ನೆಲದ್ದೇ ಒಂದು ತುತ್ತು, ಆ ನೆಲದ್ದೇ ಒಂದು ಗುಟುಕು?" ಎಂದಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು ನಾನು. ಪಾಳೆಯಗಾರರ ವಂಶಾವಳಿ ಬಾಯಿಪಾಠ. ಆದರೆ ಆ ಪಾಳೆಯಗಾರನ ಊರಿನ ಜನ ಏನು ಕುಡಿಯುತ್ತಿದ್ದರು, ಯಾರ ಜೊತೆ ಕುಡಿಯುತ್ತಿದ್ದರು ಎಂದು ಯಾವ ಹುಡುಗನೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಸಂಕ್ರಾಂತಿ ಕಳೆದ ಒಂದು ಭಾನುವಾರ ಇಬ್ಬರೂ ಬಸವಾಪಟ್ಟಣಕ್ಕೆ ಹೊರಟೆವು. ಆ ಸೀಮೆ ಅವಳ ತವರಿನ ಕಡೆಯದು. ಬುತ್ತಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮೊಸರು. ಗುಟುಕಿನ ಜವಾಬ್ದಾರಿ ನನ್ನದು ಎಂದು ತೀರ್ಮಾನವಾಯಿತು.

ದಾವಣಗೆರೆಯಿಂದ ಹೋಗುವವರು ದಾರಿಯಲ್ಲಿ ಸಂತೇಬೆನ್ನೂರಿನ ಹೊಂಡವನ್ನು ನೋಡದೆ ಹೋಗಬಾರದು. ಪಾಳೆಯಗಾರ ಹನುಮಪ್ಪನಾಯಕನ ಕಾಲದ್ದು. ನಾಲ್ಕು ಕಡೆಯೂ ಇಳಿದು ಹೋಗುವ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ. ಕೋಟೆ ಕಟ್ಟುವುದು ಭಯಕ್ಕೆ. ನೀರಿನ ನಡುವೆ ಮಂಟಪ ಕಟ್ಟುವುದು ಸಂತೋಷಕ್ಕೆ. ಈ ವಂಶದವರು ಎರಡನ್ನೂ ಕಟ್ಟಿದರು. ಅವರದೇ ಇನ್ನೊಂದು ನೆಲೆ ಬಸವಾಪಟ್ಟಣ. 17ನೆಯ ಶತಮಾನದ ಮೂವತ್ತರ ದಶಕದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಈ ಸೀಮೆಗೆ ನುಗ್ಗಿದ. ಪಾಳೆಯಗಾರರು ಕಾಲಕ್ರಮದಲ್ಲಿ ತರೀಕೆರೆಗೆ ಸರಿದು ತರೀಕೆರೆಯ ಪಾಳೆಯಗಾರರೆನಿಸಿಕೊಂಡರು. 1687ರಲ್ಲಿ ಮೊಗಲರು ಸಿರಾ ಪ್ರಾಂತವನ್ನು ಏರ್ಪಡಿಸಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದು. ಪೆನುಕೊಂಡೆ, ಹೊಸಕೋಟೆ, ಕೋಲಾರಗಳ ಸಾಲಿನಲ್ಲಿ ಅದರ ಹೆಸರು. ಇದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಷಹಾಜಿಯ ಸಮಾಧಿಯಿದೆ. 1664ರಲ್ಲಿ ಆತ ಈ ಕಡೆಯ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಸತ್ತ. ಹಳ್ಳಿಗಾಡಿಗೆ ವಿಹಾರ ಹೋದವರೆಲ್ಲರೂ ಸಂಜೆ ಮನೆಗೆ ಮರಳಿದರೆಂದು ಹೇಳಲಾಗದು.

ಇಷ್ಟು ಇತಿಹಾಸವನ್ನು ನಾನು ಬಸ್ಸಿನಲ್ಲಿಯೇ ಹೇಳಿ ಮುಗಿಸಿದೆ. ನಮ್ಮಾಕೆ ಕಿಟಕಿಯ ಹೊರಗೆ ನೋಡುತ್ತ, "ಈಗ ಎಲ್ಲ ಅಡಿಕೆಯಾಯಿತು" ಎಂದಳು. ಅವಳು ಹೇಳಿದ್ದೂ ಇತಿಹಾಸವೇ. ಭದ್ರಾ ನಾಲೆಯ ನೀರು ಬಂದಲ್ಲಿ ಗದ್ದೆ, ಕೊಳವೆ ಬಾವಿ ತೋಡಿದಲ್ಲಿ ಅಡಿಕೆ. ಅವಳ ಬಾಲ್ಯದಲ್ಲಿ ಹಳ್ಳದ ದಂಡೆಯುದ್ದಕ್ಕೂ ಬೀಡಾಡಿಯಾಗಿ ಬೆಳೆದಿದ್ದ ಈಚಲು, ಈಗ ಎಣಿಸಿದರೆ ಎಣಿಕೆಗೆ ಸಿಕ್ಕುವಷ್ಟು.

ಊರ ಹೊರಗಿನ ಹಳ್ಳದ ಬಳಿ ಅಂಥ ನಾಲ್ಕೈದು ಮರ ಕಂಡುವು. ಹತ್ತಿರದ ಬದುವಿನಲ್ಲಿ ಒಬ್ಬ ಮುದುಕರು ಮೇಕೆ ಮೇಯಿಸುತ್ತಿದ್ದರು. ವಯಸ್ಸು ಎಂಬತ್ತರ ಸಮೀಪ. ನಮ್ಮಾಕೆಯೇ ಮಾತು ತೆಗೆದಳು: "ಅಜ್ಜಾ, ಈ ಮರಕ್ಕೆ ಕಟ್ಟುತ್ತಿದ್ದದ್ದು ನೋಡಿದ್ದೀರಾ?"

"ನೋಡೋದೇನು ತಾಯಿ, ನಾನೇ ಕಟ್ಟಿದೀನಿ" ಎಂದರು ಅವರು. ಮರದ ಕಾಂಡವನ್ನು ತೋರಿಸಿದರು. ಈಚಲ ಮರದ ಇತಿಹಾಸ ಅದರ ಮೈಮೇಲೆಯೇ ಇರುತ್ತದೆ. ಸುಳಿಯ ಕೆಳಗೆ ಗರಿ ಸವರಿ, ತೊಗಟೆ ಕೆತ್ತಿ, ಗಾಯ ಮಾಡಿ, ಒಂದು ಸೀಳು ದಬ್ಬೆಯನ್ನೋ ಗರಿಯನ್ನೋ ಸಿಕ್ಕಿಸಿ ಮಡಕೆ ಕಟ್ಟುತ್ತಾರೆ. ಈ ವರ್ಷ ಒಂದು ಮಗ್ಗುಲಿಗೆ ಕೆತ್ತಿದರೆ ಬರುವ ವರ್ಷ ಎದುರು ಮಗ್ಗುಲಿಗೆ. ಹೀಗಾಗಿ ಕಾಂಡ ಅಂಕುಡೊಂಕಾಗಿ, ಗಾಯದ ಮೇಲೆ ಗಾಯ ಏಣಿಯ ಮೆಟ್ಟಿಲಿನಂತೆ ಏರುತ್ತದೆ. ಅದನ್ನು ಎಣಿಸಿದರೆ ಮರಕ್ಕೆ ಎಷ್ಟು ವರ್ಷ ಮಡಕೆ ಕಟ್ಟಿದರೆಂಬ ಲೆಕ್ಕ. ಮುದುಕರು ತೋರಿಸಿದ ಮರದಲ್ಲಿ ಹನ್ನೊಂದು ಕಚ್ಚುಗಳಿದ್ದುವು. ಅದರ ಮೇಲೆ ಆಳೆತ್ತರಕ್ಕೂ ಮಿಕ್ಕಿ ಕಾಂಡ ನುಣ್ಣಗೆ ನೆಟ್ಟಗೆ ಬೆಳೆದಿತ್ತು. ಶಾಸನಗಳಲ್ಲಿ ಬರಹ ತಟ್ಟನೆ ನಿಂತುಹೋಗಿರುವುದನ್ನು ಕಂಡಿದ್ದೇನೆ. ಇದೂ ಹಾಗೆಯೇ ಇತ್ತು.

ರಾತ್ರಿ ತೊಟ್ಟಿಕ್ಕಿದ ರಸ ಬೆಳಗಿನ ಜಾವಕ್ಕೆ ನೀರಿನಂತೆ ತಿಳಿ, ಜೇನಿನಂತೆ ಸಿಹಿ. ಅದು ನೀರಾ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಸಿಹಿಯಾಗಿಯೇ ನಿಲ್ಲುತ್ತದೆ, ಕಾಯಿಸಿದರೆ ಬೆಲ್ಲ. ಬಂಗಾಳದಲ್ಲಿ ಚಳಿಗಾಲದ ಮಿಠಾಯಿಗಳಿಗೆ ಹಾಕುವ ಪ್ರಸಿದ್ಧ ಬೆಲ್ಲ ಈ ಈಚಲಿನದೇ. ಸುಣ್ಣವಿಲ್ಲದಿದ್ದರೆ, ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಹುದುಗು ತಾನಾಗಿ ಕೆಲಸಕ್ಕೆ ತೊಡಗುತ್ತದೆ. ಬಿಸಿಲೇರಿದಂತೆ ನೊರೆ ಬರುತ್ತದೆ, ಹುಳಿಯಾಗುತ್ತದೆ, ಬಿಳುಪಾಗುತ್ತದೆ. ಸಂಜೆಗೆ ಅದು ಹೆಂಡ. ಅಮಲು ಸರಿಸುಮಾರು ಬಿಯರಿನಷ್ಟೇ, ನೂರಕ್ಕೆ ನಾಲ್ಕೈದು ಪಾಲು. ಮಾರನೆಯ ದಿನಕ್ಕೆ ವಿನೆಗರಿನ ದಾರಿ ಹಿಡಿಯುತ್ತದೆ. ಎಂದರೆ ಇದು ದೂರ ಸಾಗಿಸುವ, ಕೂಡಿಡುವ ವಸ್ತುವಲ್ಲ. ಮರದ ಬಳಿಗೆ ಮನುಷ್ಯ ಬರಬೇಕು. ಬಂದವನು ಅಲ್ಲಿಯೇ ಕೂತು ಕುಡಿಯಬೇಕು. ನಮ್ಮ ಮಗ ಹೇಳಿದ ಫ್ರಾಂಕೋನಿಯದ ಹಳ್ಳಿಗೂ ನಮ್ಮ ಈಚಲ ವನಕ್ಕೂ ಇರುವ ಹೋಲಿಕೆ ಇಲ್ಲಿದೆ. ಮುಂದಿನ ಕಥೆಯಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯಿಲ್ಲ.

ನಾನು ಕೇಳಿದೆ: "ಹೆಂಗಸರೂ ಕುಡಿಯುತ್ತಿದ್ದರೇ ಯಜಮಾನರೆ?"

ಅವರು ನಮ್ಮಾಕೆಯ ಮುಖ ನೋಡಿ ಸ್ವಲ್ಪ ಹಿಂದೆಮುಂದೆ ನೋಡಿದರು. ಆಮೇಲೆ, "ಮರದ ಬುಡದಾಗೆ ಕುಡೀತಿದ್ರು ಸಾಮಿ. ಗಂಡ ಹೆಂಡ್ತಿ ಕೂಲಿ ಮುಗ್ಸಿ ಬರೋರು, ಒಂದು ಸೋರೆ ಬುರುಡೆ ಇಬ್ರೂ ಹಂಚ್ಕಳೋರು, ಸುಟ್ಟ ಒಣಮೀನು ನಂಚ್ಕಳೋರು, ಮನಿಗೆ ಹೋಗೋರು. ಅಂಗಡಿ ಆದ ಮ್ಯಾಗೆ ಹೆಣ್ಮಕ್ಳು ಅಲ್ಲಿಗೆ ಬರಲಿಲ್ಲ. ಅಂಗಡಿಗೆ ಹೆಂಗೆ ಬರ್ತಾರೆ?" ಎಂದರು.

ಒಬ್ಬರ ನೆನಪನ್ನು ಇಡೀ ನಾಡಿನ ಚರಿತ್ರೆಯೆನ್ನಲಾಗದು. ಆದರೂ ಆ ಮಾತು ನನ್ನನ್ನು ಬಿಡಲಿಲ್ಲ. ಊರಿಗೆ ಬಂದ ಮೇಲೆ ನನ್ನ ಪುಸ್ತಕಗಳನ್ನು ಈ ಒಂದು ಪ್ರಶ್ನೆಯಿಟ್ಟುಕೊಂಡು ಮತ್ತೆ ತಿರುವಿದೆ: ನಮ್ಮ ನಾಡಿನಲ್ಲಿ ಪಾನವು ಎಲ್ಲಿ ನಡೆಯುತ್ತಿತ್ತು, ಯಾರ ಜೊತೆ?

ಹಳೆಯ ಅಲಂಕಾರಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ವಿಧಿಸಿದರು. ವನವಿಹಾರ, ಜಲಕ್ರೀಡೆಗಳ ಜೊತೆಗೆ ಮಧುಪಾನವೂ ಅದರಲ್ಲಿ ಒಂದು. ಹತ್ತನೆಯ ಶತಮಾನದ ನಮ್ಮ ಪಂಪನೂ ಆ ಸಂಪ್ರದಾಯವನ್ನು ಪಾಲಿಸಿ ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ವರ್ಣಿಸಿದ. ಅಲ್ಲಿ ಗಂಡೂ ಹೆಣ್ಣೂ ಜೊತೆಗಿದ್ದಾರೆ. ತರಗತಿಯಲ್ಲಿ ಮೇಷ್ಟರುಗಳು ಆ ಪದ್ಯಗಳನ್ನು ದಾಟಿಸಿ ಮುಂದಕ್ಕೆ ಹೋಗುತ್ತಿದ್ದುದು ನನಗೆ ನೆನಪಿದೆ. ನನ್ನ ಮೇಷ್ಟರೂ ದಾಟಿಸಿದ್ದರು.

ಇನ್ನೂ ಸ್ವಾರಸ್ಯವಾದದ್ದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದಲ್ಲಿ ಅರಸನು ಹೇಗೆ ಆಳಬೇಕೆಂಬುದರಷ್ಟೇ ವಿಸ್ತಾರವಾಗಿ, ಹೇಗೆ ಉಣ್ಣಬೇಕು, ಹೇಗೆ ಆಡಬೇಕು ಎಂಬುದೂ ಇದೆ. ಆಟಗಳ ಭಾಗದಲ್ಲಿ ಬೆಟ್ಟಕ್ಕೆ ಹೋಗುವ ಭೂಧರಕ್ರೀಡೆ, ತೋಪಿಗೆ ಹೋಗುವ ವನಕ್ರೀಡೆ, ಹಸಿರು ಹುಲ್ಲಿನ ಮೇಲಿನ ಶಾದ್ವಲಕ್ರೀಡೆ, ಮರಳ ದಿಬ್ಬದ ಮೇಲಿನ ವಾಲುಕಾಕ್ರೀಡೆ, ಬೆಳೆದು ನಿಂತ ಪೈರಿನ ನಡುವಿನ ಸಸ್ಯಕ್ರೀಡೆ, ಬೆಳುದಿಂಗಳ ಜ್ಯೋತ್ಸ್ನಾಕ್ರೀಡೆ ಎಂದು ಒಂದೊಂದಕ್ಕೂ ಹೆಸರಿಟ್ಟಿದ್ದಾನೆ. ಅದೇ ಸಾಲಿನಲ್ಲಿ ಮದಿರಾಪಾನಕ್ರೀಡೆ. ಇವೆಲ್ಲ ಅರಸನು ತನ್ನ ಹೆಂಗಸರೊಡನೆ ಆಡುವ ಆಟಗಳು. ಪರಿವಾರ, ಪಲ್ಲಕ್ಕಿಗಳ ವೈಭವವನ್ನು ಕಳೆದರೆ ಉಳಿಯುವುದು ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚುವ ದಂಪತಿಯೇ. ಭೂಮಿ ಹುಣ್ಣಿಮೆಯಂದು ಈ ಸೀಮೆಯ ಒಕ್ಕಲಿನ ಮನೆಯವರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಬಸುರಿ ಭೂಮಿಗೆ ಬಯಕೆಯ ಊಟ ಬಡಿಸಿ, ಅಲ್ಲಿಯೇ ಕೂತು ಉಂಡು ಬರುತ್ತಾರೆ. ಜೋಳದ ಸೀಮೆಯಲ್ಲಿ ಎಳೆ ತೆನೆ ಸುಟ್ಟು ಸೀತನಿ ತಿನ್ನುತ್ತಾರೆ. ಸಸ್ಯಕ್ರೀಡೆ ಎಂಬ ಹೆಸರು ಅವರಿಗೆ ಗೊತ್ತಿಲ್ಲ ಅಷ್ಟೆ.

ಸೋಮೇಶ್ವರನ ಅರಮನೆಯ ಮಾತಾಯಿತು. ಇಳಿಸುವವರ ಮಾತಾಡಿದವರು ಉಂಟೆ? ಅದೇ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಹೆಂಡದ ಮಾರಯ್ಯ ಎಂಬ ಶರಣನಿದ್ದ. ಹೆಸರೇ ಅವನ ಕಸುಬನ್ನು ಹೇಳುತ್ತದೆ. ಧರ್ಮೇಶ್ವರಲಿಂಗ ಅವನ ಅಂಕಿತ. ತಾನು ಮಾರುವ ಹೆಂಡದ ಪರಿಭಾಷೆಯಲ್ಲಿಯೇ ಅವನು ಅನುಭಾವವನ್ನು ನುಡಿದ. ಬಸವಣ್ಣನ ಕೂಟದಲ್ಲಿ ಹೆಂಡ ಮಾರುವವನಿಗೂ ಒಂದು ಸ್ಥಾನವಿತ್ತು, ಅವನ ಮಾತನ್ನು ಬರೆದಿಟ್ಟುಕೊಂಡರು ಎಂಬುದು ಸಣ್ಣ ಸಂಗತಿಯಲ್ಲ. ಆಮೇಲಿನ ಏಳೆಂಟು ನೂರು ವರ್ಷ ಈಡಿಗರ ಕಸುಬಿನ ಬಗ್ಗೆ ಮಾತಾಡಿದವರಲ್ಲಿ ಹೆಚ್ಚಿನವರು ತೆರಿಗೆಯವರು.

ಈಗ ತೆರಿಗೆಯ ವಿಷಯಕ್ಕೆ ಬರಬೇಕು. ಯಾಕೆಂದರೆ ಹೆಂಡವು ಮರದ ಬುಡದಿಂದ ಎದ್ದು ಅಂಗಡಿಗೆ ಹೋದದ್ದು ಕುಡಿಯುವವರ ಇಚ್ಛೆಯಿಂದಲ್ಲ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರವು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಿ ವರದಿ ಮಾಡಲು ಕಳಿಸಿತು. ಅವನು ಬೆಳೆ, ಮಣ್ಣು, ಮಗ್ಗ, ಜಾತಿ, ತೆರಿಗೆ ಎಲ್ಲವನ್ನೂ ಬರೆದುಕೊಳ್ಳುತ್ತ ನಡೆದ. ಈಚಲನ್ನೂ ಅದನ್ನು ಇಳಿಸುವ ಈಡಿಗರನ್ನೂ ಬಿಡಲಿಲ್ಲ. ಹೊಸದಾಗಿ ಕೈಗೆ ಬಂದ ರಾಜ್ಯದ ಪ್ರತಿಯೊಂದು ಮರವೂ ಎಷ್ಟು ಹುಟ್ಟುವಳಿ ಕೊಡಬಹುದೆಂಬ ಕಣ್ಣು ಆ ಪುಸ್ತಕದ ಉದ್ದಕ್ಕೂ ಇದೆ. ಮೂವತ್ತು ವರ್ಷದ ಮೇಲೆ, 1830ರಲ್ಲಿ, ಕಂದಾಯದ ಹಿಂಸೆ ತಾಳದೆ ನಗರ ಸೀಮೆಯ ರೈತರು ದಂಗೆಯೆದ್ದರು. ಬಸವಾಪಟ್ಟಣದ ಹಳೆಯ ವಂಶದ ತರೀಕೆರೆಯ ಪಾಳೆಯಗಾರರೂ ಕೂಡಿಕೊಂಡರು. ದಂಗೆ ಅಡಗಿತು, 1831ರಲ್ಲಿ ಮೈಸೂರಿನ ಆಡಳಿತವೇ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು, 1881ರ ತನಕ ಅವರ ಬಳಿಯೇ ಇತ್ತು. ಅಚ್ಚುಕಟ್ಟಾದ ಅಬಕಾರಿ ಇಲಾಖೆ ಬೆಳೆದದ್ದು ಈ ಕಾಲದಲ್ಲಿ ಮತ್ತು ಇದರ ಮುಂದೆ.

ಅಬಕಾರಿಯ ತರ್ಕ ಸರಳ. ಹಳ್ಳದ ದಂಡೆಯ ನೂರು ಮರಗಳ ಬುಡದಲ್ಲಿ ನೂರು ಜನ ಕುಡಿದರೆ ಲೆಕ್ಕ ಇಡುವುದು ಹೇಗೆ? ಆದ್ದರಿಂದ ಮರಕ್ಕೆ ಗುರುತು ಹಾಕಬೇಕು. ಇಳಿಸಲು ಪರವಾನಗಿ ಬೇಕು. ಮಾರಲು ಒಂದೇ ಅಂಗಡಿ. ಅಂಗಡಿಗೆ ವರ್ಷಕ್ಕೊಮ್ಮೆ ಹರಾಜು. ಹರಾಜಿನಲ್ಲಿ ಹೆಚ್ಚು ಕೂಗಿದ ಗುತ್ತಿಗೆದಾರ ತನ್ನ ಹಣ ವಾಪಸು ಪಡೆಯಬೇಕಾದರೆ ಊರು ಹೆಚ್ಚು ಕುಡಿಯಬೇಕು. ಮರದಿಂದ ಇಳಿಸುವವನಿಗೆ ಕೂಲಿ ಮಾತ್ರ. ಸರಕಾರವು ಈಚಲು ಬೆಳೆದ ಜಮೀನನ್ನೇ ಸೇಂದಿವನವೆಂದು ಗುರುತಿಸಿತು. ಕಂದಾಯದ ಪಹಣಿಗಳಲ್ಲಿ ಆ ಹೆಸರು ಇಂದಿಗೂ ಸಿಕ್ಕುತ್ತದೆ. ಸೇಂದಿ ಎಂಬ ಮಾತು ಈಚಲಿಗೆ ಮರಾಠಿಯಲ್ಲಿರುವ ಶಿಂದಿಯ ಬಂಧು. ಮನೆಯ ಮಾತು ಹೆಂಡ, ಕಚೇರಿಯ ಮಾತು ಸೇಂದಿ. ಭೂಕಂದಾಯದ ಜೊತೆಗೆ ಅಬಕಾರಿಯೂ ಸಂಸ್ಥಾನದ ಮುಖ್ಯ ಆದಾಯಗಳಲ್ಲಿ ಒಂದಾಯಿತು. ಶಾಲೆ, ಕಟ್ಟೆ, ರಸ್ತೆಗಳ ಲೆಕ್ಕದಲ್ಲಿ ಈಚಲ ರಸವೂ ಸೇರಿದೆ. ನನ್ನಂಥ ಮೇಷ್ಟರ ಸಂಬಳದಲ್ಲಿಯೂ ಅದರ ಪಾಲಿತ್ತೆಂದು ಒಪ್ಪಿಕೊಳ್ಳದೆ ವಿಧಿಯಿಲ್ಲ.

ಅಂಗಡಿಯ ಜೊತೆ ಪಡಖಾನೆ ಬಂತು. ಅಲ್ಲಿ ಹೆಂಗಸಿಗೆ ಜಾಗವಿಲ್ಲ. ಜಿ.ಪಿ. ರಾಜರತ್ನಂ 1930ರ ದಶಕದಲ್ಲಿ ಯೆಂಡ್ಕುಡ್ಕ ರತ್ನನನ್ನು ಸೃಷ್ಟಿಸಿದರಷ್ಟೆ; ರಾಜರತ್ನಂ ಸ್ವತಃ ಹೆಂಡದ ಹನಿ ಮುಟ್ಟಿದವರಲ್ಲ. ಅವರ ರತ್ನ ಪುಟ್ನಂಜಿಯ ಮೇಲೆ ಪ್ರಾಣವಿಟ್ಟುಕೊಂಡವನು. ಆದರೂ ಅವನ ಹಾಡು ಹುಟ್ಟುವುದು ಪಡಖಾನೆಯ ಗೆಳೆಯರ ನಡುವೆ. ನಂಜಿ ಇರುವುದು ಗುಡಿಸಲಲ್ಲಿ. ಸೋಮೇಶ್ವರನ ಕಾಲದಲ್ಲಿ ಜೊತೆಗಿದ್ದ ಇಬ್ಬರು ಇಲ್ಲಿ ಎರಡು ಕಡೆ ಆಗಿದ್ದಾರೆ. ಆ ಪದಗಳಲ್ಲಿನ ಅಳಲಿಗೆ ಇದೂ ಒಂದು ಕಾರಣವಿರಬಹುದೆಂದು ನನಗೆ ಈಗ ಅನ್ನಿಸುತ್ತದೆ.

ಬೊಕ್ಕಸಕ್ಕೆ ಹಾಲು ಕೊಡುವ ಹಸುವಾದ್ದರಿಂದಲೇ ಈಚಲ ಮರ ಸ್ವಾತಂತ್ರ್ಯ ಚಳವಳಿಯ ಕೊಡಲಿಗೂ ಗುರಿಯಾಯಿತು. 1939ರಲ್ಲಿ ಇಲ್ಲಿಗೆ ಬಹು ದೂರವಲ್ಲದ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿಗಳು ಕಡಿದದ್ದು ಈಚಲ ಮರಗಳನ್ನು. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಆ ಚಳವಳಿಯ ನಾಯಕರಲ್ಲಿ ಒಬ್ಬರು, ಜೈಲಿಗೂ ಹೋದರು. ಗಾಂಧೀಜಿಯ ಪಾನನಿರೋಧದ ಕರೆ ಒಂದು ಕಡೆ, ಸರಕಾರದ ಆದಾಯಕ್ಕೆ ಪೆಟ್ಟು ಕೊಡುವ ಲೆಕ್ಕ ಇನ್ನೊಂದು ಕಡೆ. ಮರವು ಯಾವ ಪಾಪ ಮಾಡಿತ್ತು ಎಂದು ನಮ್ಮಾಕೆ ಕೇಳಿದಳು. ಮರವಲ್ಲ, ಮರದ ಮೇಲಿನ ಸರಕಾರದ ಗುರುತು ಎಂದೆ. ಉತ್ತರ ನನಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ.

ಸ್ವಾತಂತ್ರ್ಯ ಬಂತು. ಸಂವಿಧಾನದ 47ನೆಯ ವಿಧಿ ಪಾನನಿರೋಧದತ್ತ ಸಾಗಬೇಕೆಂದು ರಾಜ್ಯಗಳಿಗೆ ಹೇಳಿತು. ಮದರಾಸಿನಲ್ಲಿ ರಾಜಾಜಿಯವರು 1937ರಲ್ಲಿಯೇ ಸೇಲಂ ಜಿಲ್ಲೆಯಿಂದ ತೊಡಗಿದ್ದರು, ಮುಂಬಯಿ 1949ರಲ್ಲಿ ಶಾಸನ ಮಾಡಿತ್ತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಒಣಗಿದ ಜಿಲ್ಲೆಗಳೂ ಒದ್ದೆಯಾದ ಜಿಲ್ಲೆಗಳೂ ಒಟ್ಟಿಗೆ ಸೇರಿ, ಗಡಿ ದಾಟಿದರೆ ದಾಹ ತೀರುವ ಪರಿಸ್ಥಿತಿ ಕೆಲವು ವರ್ಷ ನಡೆಯಿತು. 1965ರ ಅಬಕಾರಿ ಶಾಸನ 1967ರಲ್ಲಿ ಜಾರಿಗೆ ಬಂದು ಪಾನನಿರೋಧ ಕೊನೆಗೊಂಡಿತು. ಆಗ ಮುಖ್ಯಮಂತ್ರಿಯಾಗಿದ್ದವರು ತುರುವನೂರಿನ ಅದೇ ನಿಜಲಿಂಗಪ್ಪನವರು. ನಾನು ಇದನ್ನು ವ್ಯಂಗ್ಯಕ್ಕಾಗಿ ಹೇಳುತ್ತಿಲ್ಲ; ಸರಕಾರ ನಡೆಸುವವರಿಗೆ ಹಣ ಬೇಕು.

ಮುಂದಿನ ನಲವತ್ತು ವರ್ಷ ಹೆಂಡಕ್ಕೆ ಒಳ್ಳೆಯದಾಗಲಿಲ್ಲ. ಸಾರಾಯಿ ಪೊಟ್ಟಣದಲ್ಲಿ ಬಂತು. ಒಯ್ಯುವುದು ಸುಲಭ, ಕೆಡುವುದಿಲ್ಲ, ಏರುವುದು ಬೇಗ. ಅದರ ಜೊತೆ ಸ್ಪರ್ಧಿಸಲು ಹೆಂಡದಂಗಡಿಗಳಲ್ಲಿ ಕ್ಲೋರಲ್ ಹೈಡ್ರೇಟಿನಂಥ ನಿದ್ದೆಯ ಔಷಧ ಬೆರೆಯತೊಡಗಿತು. ಎಷ್ಟೋ ಕಡೆ ಅಂಗಡಿಯ ಹೆಂಡಕ್ಕೂ ಮರಕ್ಕೂ ಸಂಬಂಧವೇ ಇರಲಿಲ್ಲ. 2004ರಲ್ಲಿ ಕರಾವಳಿಯ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಸೇಂದಿ ಇಳಿಸುವುದು ನಿಂತಿತು. 2007ರ ಜುಲೈಯಿಂದ ಸಾರಾಯಿಯೂ ನಿಷಿದ್ಧವಾಯಿತು. ಸಾರಾಯಿಯ ಬಗ್ಗೆ ನನಗೆ ಯಾವ ಕನಿಕರವೂ ಇಲ್ಲ. ಆದರೆ ಎರಡೂ ಹೋದ ಮೇಲೆ ಹಳ್ಳಿಯವನಿಗೆ ಉಳಿದದ್ದು ಏನು? ಕಾರ್ಖಾನೆಯ ವಿಸ್ಕಿ, ಬ್ರಾಂದಿ, ರಮ್ಮು; ಅಮಲು ಹೆಂಡದ ಎಂಟು ಹತ್ತು ಪಟ್ಟು. ಸಗಟು ವ್ಯಾಪಾರವೆಲ್ಲ 2003ರಲ್ಲಿ ಹುಟ್ಟಿದ ರಾಜ್ಯದ ಪಾನೀಯ ನಿಗಮದ್ದು.

ಚಿತ್ರದುರ್ಗದ ಹೆಸರು ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ. 2019ರ ಜನವರಿಯಲ್ಲಿ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿರೆಂದು ಅಲ್ಲಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿನಷ್ಟು ನಡೆದರು. ಗಂಡನ ಕೂಲಿ ಮನೆಗೆ ಬರುವ ಮೊದಲೇ ಮುಗಿದದ್ದನ್ನು, ಮಕ್ಕಳ ಎದುರಿಗೆ ಏಟು ತಿಂದದ್ದನ್ನು ದಾರಿಯುದ್ದಕ್ಕೂ ಹೇಳಿದರು. ಈ ಹೆಂಗಸರ ಮುಂದೆ ನಿಂತು ಮಾನಸೋಲ್ಲಾಸದ ಮದಿರಾಪಾನಕ್ರೀಡೆಯ ಮಾತು ಎತ್ತುವ ಧೈರ್ಯ ನನಗಿಲ್ಲ. ಅವರು ಕೇಳುವುದು ನ್ಯಾಯ. ಆದರೆ ಅವರ ಮನೆ ಮುರಿದದ್ದು ಮರದ ಬುಡದ ಸೋರೆ ಬುರುಡೆಯಲ್ಲ ಎಂಬುದನ್ನೂ ಇತಿಹಾಸದವನು ಹೇಳಬೇಕು. ಮುದುಕರು ಹೇಳಿದ ಒಂದು ಬುರುಡೆಯನ್ನು ಇಬ್ಬರು ಹಂಚಿಕೊಳ್ಳುತ್ತಿದ್ದರು. ಹಂಚಿಕೊಳ್ಳುವವಳ ಕಣ್ಣೆದುರಿಗೆ ಕುಡಿಯುವವನಿಗೆ ಅಳತೆ ತಾನಾಗಿ ಇರುತ್ತದೆ.

ಬಿಯರಿನ ಮಾತು ಎಲ್ಲಿ ಹೋಯಿತು ಎಂದು ಓದುಗರು ಕೇಳಬಹುದು. ಬಾರ್ಲಿಯ ಬಿಯರು ನಮ್ಮ ಸೀಮೆಗೆ ದಂಡಿನ ಹಿಂದೆ ಬಂತು. ನೀಲಗಿರಿಯಲ್ಲಿ 1857ರಷ್ಟು ಹಿಂದೆಯೇ ಒಂದು ಕಾರ್ಖಾನೆಯಿತ್ತು. 1915ರಲ್ಲಿ ಥಾಮಸ್ ಲೀಷ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಎತ್ತಿನ ಗಾಡಿಯ ಮೇಲೆ ಪೀಪಾಯಿಗಳು ಗೋರಾ ಸಿಪಾಯಿಗಳಿಗೆ ಹೋಗುತ್ತಿದ್ದುವು. ಹಳ್ಳಿಯವನಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಸಂಬಂಧವಿರಬಹುದಾಗಿದ್ದ ಧಾನ್ಯವೊಂದಿತ್ತು, ನಮ್ಮ ರಾಗಿ. ಅದರ ತವರು ಆಫ್ರಿಕದ ಎತ್ತರದ ನಾಡು. ಉಗಾಂಡದ ಟೆಸೊ ಜನ ಇಂದಿಗೂ ಅದರಿಂದ ಬಿಯರು ಮಾಡಿ, ನಡುವೆ ಒಂದು ಗಡಿಗೆಯಿಟ್ಟು, ಉದ್ದುದ್ದ ಕೊಳವೆ ಹಾಕಿ ಸುತ್ತ ಕೂತು ಹೀರುತ್ತಾರೆ. ನೇಪಾಳ ಸಿಕ್ಕಿಮುಗಳಲ್ಲಿ ಅದೇ ರಾಗಿಯ ತೊಂಗ್ಬಾ, ಚಳಿಗೆ ಬಿಸಿನೀರು ಹೊಯ್ದು ಕುಡಿಯುವುದು. ನಾವು ರಾಗಿಯನ್ನು ಮುದ್ದೆ ಕಟ್ಟಿದೆವು. ರಾತ್ರಿಯಿಟ್ಟು ಹುಳಿ ಬಂದ ಅಂಬಲಿಗೆ ನಿಂತೆವು. ಬೆಂಗಳೂರಿನಲ್ಲಿ 2011ರಿಂದಾಚೆಗೆ ಸ್ಥಳದಲ್ಲಿಯೇ ಬಿಯರು ಮಾಡುವ ಪಾನಗೃಹಗಳು ತೆರೆದಿವೆ. ಕೆಲವರು ರಾಗಿಯ ಬಿಯರನ್ನೂ ಮಾಡಿ ಬಡಿಸಿದ್ದಾರೆ. ಗಂಡು ಹೆಣ್ಣು ಒಟ್ಟಿಗೆ ಕೂತು ಕುಡಿಯುವ ಜಾಗ ಹೀಗೆ ಮರಳಿ ಬಂದಿದೆ, ಆದರೆ ರಾಗಿ ಬ��ಳೆದವರು ಅಲ್ಲಿಗೆ ಹೋಗಲಾರರು.

ಬಸವಾಪಟ್ಟಣದ ಮುದುಕರಿಗೆ ನಮಸ್ಕಾರ ಹೇಳಿ ಹೊರಟಾಗ ಹೊತ್ತು ನೆತ್ತಿಗೆ ಬಂದಿತ್ತು. ಬುತ್ತಿ ಬಿಚ್ಚಲು ಸೂಳೆಕೆರೆಯ ಏರಿಗೆ ಹೋದೆವು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಹಾಕಿದ ಏರಿ, ಸಾವಿರ ಅಡಿಯೂ ಇಲ್ಲ. ಅದು ಹಿಡಿದು ನಿಲ್ಲಿಸಿದ ನೀರಿಗೆ ಆಚೆ ದಡ ಕಾಣದು. ಶಾಂತವ್ವನೆಂಬ ರಾಜಕುಮಾರಿ ಕಟ್ಟಿಸಿದಳೆಂದು ಕಥೆ. ಕೆರೆಯ ಜಾಗದಲ್ಲಿ ಸೂಳೆಯರ ಕೇರಿ ಇತ್ತಂತೆ. ತಮ್ಮ ಹೆಸರೇ ಕೆರೆಗೆ ಉಳಿಯಬೇಕೆಂಬ ಷರತ್ತಿನ ಮೇಲೆ ಅವರು ಜಾಗ ಬಿಟ್ಟುಕೊಟ್ಟರಂತೆ. ಈಗ ಕಾಗದಪತ್ರಗಳಲ್ಲಿ ಶಾಂತಿಸಾಗರ. ಷರತ್ತು ಮರೆತವರು ಇಟ್ಟ ಹೆಸರು ಅದು. ಸುತ್ತಿನ ಹಳ್ಳಿಯವರು ಇನ್ನೂ ಮರೆತಿಲ್ಲ.

ಗಾಳಿಗೆ ರೊಟ್ಟಿ ಒಣಗುತ್ತದೆಂದು ನಮ್ಮಾಕೆ ಬೇಗ ಬೇಗ ಬಡಿಸಿದಳು. ಗುಟುಕಿನ ಜವಾಬ್ದಾರಿ ಹೊತ್ತ ನಾನು ಬರಿಗೈಯಲ್ಲಿ ಕೂತಿದ್ದೆ. ಅವಳು ಮೊಸರಿಗೆ ನೀರು ಬೆರೆಸಿ, ಉಪ್ಪು ಹಾಕಿ, ಡಬ್ಬಿಯ ಮುಚ್ಚಳದಲ್ಲಿ ಹೊಯ್ದು ಮೊದಲು ತಾನು ಕುಡಿದು ಆಮೇಲೆ ನನಗೆ ಕೊಟ್ಟಳು. ಬರುವಾಗ ಸಂತೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬಾಕೆ ಈಚಲ ಗರಿಯ ಪೊರಕೆ ಮಾರುತ್ತಿದ್ದಳು. ಎರಡು ಕೊಂಡೆವು.

ರಾತ್ರಿ ಮಗ ಫೋನು ಮಾಡಿ, "ಹೇಗಿತ್ತಮ್ಮ, ಏನು ಸಿಕ್ಕಿತು?" ಎಂದ.

"ಪೊರಕೆ ಸಿಕ್ಕಿತು ಕಣೋ" ಎಂದಳು ನಮ್ಮಾಕೆ.